ಎಡಗಾಲಿನ ಟಿಕ್

ಕುವಬಾರಾ ಕ್ಷೌರದಂಗಡಿಯ ಶಿಜುಯೊ ಅಕ್ಕ ಕಾಲ್ನಡಿಗೆಯಲ್ಲಿ ಎಲ್ಲಿಗೂ ಹೋದವಳಲ್ಲ. ದಿನವಿಡೀ ಕುರ್ಚಿಯ ಸುತ್ತ ನಿಂತಿರುವವಳಿಗೆ ನಡಿಗೆ ಬೇರೆ ಯಾಕೆ ಅನ್ನುವುದು ಅವಳ ವಾದ. ಜಪಾನಿನ ಬಂದರೂರು ಉವಾಜಿಮಾದ ಪೇಟೆಬೀದಿಯಲ್ಲಿ ಅವಳ ಅಂಗಡಿಗೆ ಅಂಟಿಕೊಂಡೇ ನಮ್ಮ ತೋಫು ಅಂಗಡಿ. ಗೋಡೆಯಾಚೆಯಿಂದ ಕತ್ತರಿಯ ಸದ್ದಿಗಿಂತ ಅವಳ ಮಾತೇ ನನಗೆ ಹೆಚ್ಚು ಕೇಳುತ್ತಿತ್ತು. ಅವಳಿಗೆ ಅದು ಅಪ್ಪನಿಂದ ಬಂದ ಅಂಗಡಿ. ಮೊದಮೊದಲು ಬಂದರಿನ ಗಂಡಸರು, “ಹೆಂಗಸಿನ ಕತ್ತಿಗೆ ಕುತ್ತಿಗೆ ಕೊಡೋದಾ?” ಅಂತ ಹಿಂಜರಿದಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದೇ ಗಂಡಸರು ಅವಳ ಕತ್ತಿಯ ಕೆಳಗೆ ಗೊರಕೆ ಹೊಡೆಯುತ್ತಿದ್ದರು.

ಲಕ್ವ ಹೊಡೆದದ್ದು ಒಂದು ವಸಂತದ ಬೆಳಿಗ್ಗೆ. ಮುತ್ತಿನ ಚಿಪ್ಪು ಸಾಕುವ ನಾಗಾವೊಕಾ ಕುರ್ಚಿಯಲ್ಲಿ ಒರಗಿದ್ದ, ಅರ್ಧ ಗಡ್ಡ ಹೆರೆದಾಗಿತ್ತು. ಚರ್ಮ ಬಿಗಿಹಿಡಿದಿದ್ದ ತನ್ನ ಎಡಗೈ ಯಾರದೋ ಕೈಯ ಹಾಗೆ ಜಾರುವುದನ್ನು ಅಕ್ಕ ಕಂಡಳು. ಕೂಗಲಿಲ್ಲ. ಬಲಗೈಯಿಂದ ಕತ್ತಿಯನ್ನು ಮಡಚಿ, ಕೈಗೆಟುಕದಷ್ಟು ದೂರ ತಟ್ಟೆಗೆ ತಳ್ಳಿದಳು. “ನಾಗಾವೊಕಾ ಅವರೇ, ಸ್ವಲ್ಪ ಅಲ್ಲಾಡಬೇಡಿ” ಅಂದಳು. ಆಮೇಲೆ ಬಿದ್ದಳು. ಮುಖದ ತುಂಬ ನೊರೆ ಹೊತ್ತುಕೊಂಡೇ ಅವನು ನಮ್ಮ ಅಂಗಡಿಗೆ ಓಡಿ ಬಂದ. ಬೀಳುವ ಮುಂಚೆ ಅವಳು ಕತ್ತಿ ಮಡಚಿಟ್ಟದ್ದನ್ನು ಎರಡೆರಡು ಸಲ ಹೇಳಿದ.

ಬೇಸಿಗೆ ಮುಗಿಯುವಾಗ ಆಸ್ಪತ್ರೆಯಿಂದ ಬಂದಳು. ಮಾತು ಪೂರ್ತಿ ಮರಳಿತ್ತು, ಎಡಗಾಲು ಮರಳಿರಲಿಲ್ಲ. ಕೋಲು ಹಿಡಿದರೆ ನಡೆಯುವಳು, ಆದರೆ ಆ ಕಾಲು ನೆಲ ಒರೆಸುತ್ತ ಹಿಂದೆ ಬರುತ್ತಿತ್ತು. ದಿನಾ ನಡೆಯಬೇಕು ಅಂತ ವೈದ್ಯರು ಹೇಳಿದ್ದರು. ಅಕ್ಕ ಮನೆಯೊಳಗೆ ಅಡುಗೆಮನೆಯವರೆಗೆ ಹೋಗಿ, “ಆಯ್ತು, ನಡೆದೆ” ಅನ್ನುತ್ತಿದ್ದಳು.

ಅವಳ ಗಂಡ ತೊಕುಜೊ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಮಾತು ಕಮ್ಮಿ, ತಿರುಪುಳಿ ಸದಾ ಜೇಬಿನಲ್ಲಿ. ಒಂದು ದಿನ ಅವನು ಮಾಂಪೊಕೇ ತಂದ. ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ ಆ ಹೆಸರಿನ ಅರ್ಥ, ಆ ವರ್ಷಗಳಲ್ಲಿ ಊರಿನ ಅರ್ಧ ಜನರ ಸೊಂಟದಲ್ಲಿ ನೇತಾಡುತ್ತಿತ್ತು. ಜೇಬುಗಡಿಯಾರದಷ್ಟು ದುಂಡಗೆ, ಹಿಂದೆ ಕೊಕ್ಕೆ, ಮುಂದೆ ಮುಳ್ಳು. ಪ್ರತಿ ಹೆಜ್ಜೆಗೂ ಒಳಗಿನ ಸಣ್ಣ ಲೋಲಕ ಕುಣಿದು ‘ಟಿಕ್’ ಅನ್ನುವುದು, ಮುಳ್ಳು ಕೂದಲೆಳೆಯಷ್ಟು ಮುಂದೆ ಸರಿಯುವುದು.

ತೋಫು ಕೊಡಲು ಹೋದವಳು ನಾನು ಅಲ್ಲೇ ನಿಂತೆ. ತೊಕುಜೊ ಅದನ್ನು ಮೊದಲು ಅಕ್ಕನ ಏಪ್ರನ್ ದಾರಕ್ಕೆ ಸಿಕ್ಕಿಸಿದ. ಅದು ವಾಲಿಕೊಂಡು ಸುಮ್ಮನಿತ್ತು.

“ನೆಟ್ಟಗೆ ನಿಲ್ಲಬೇಕು ಕಣೇ ಇದು, ವಾಲಿದ್ರೆ ಎಣಿಸಲ್ಲ,” ಅಂತ ತೊಕುಜೊ ತನ್ನ ಚರ್ಮದ ಬೆಲ್ಟನ್ನೇ ಬಿಚ್ಚಿ ಅವಳ ಸೊಂಟಕ್ಕೆ ಬಿಗಿದ.

“ರೀ, ನಿಮ್ಮ ಪ್ಯಾಂಟು ಜಾರಿದ್ರೆ ಅದನ್ನೂ ಎಣಿಸುತ್ತಾ?”

ಮುಳ್ಳನ್ನು ಸೊನ್ನೆಗೆ ತಿರುಗಿಸಿ, ಇಪ್ಪತ್ತು ಹೆಜ್ಜೆ ಹಾಕಿಸಿ ನೋಡಬೇಕು ಅಂತ ಜೊತೆಗಿದ್ದ ಚೀಟಿಯಲ್ಲಿತ್ತು. ಅಕ್ಕ ಕುರ್ಚಿಗಳ ನಡುವೆ ಹೋಗಿ ಬಂದಳು. ಮುಳ್ಳು ಹತ್ತು ತೋರಿಸಿತು. ಮತ್ತೆ ಹೋಗಿ ಬಂದಳು, ಮತ್ತೆ ಅರ್ಧವೇ. ಬಲಗಾಲಿಗೆ ಟಿಕ್, ಎಡಗಾಲಿಗೆ ಏನೂ ಇಲ್ಲ. ಎಳೆದುಕೊಂಡು ಬರುವ ಕಾಲು ಸೊಂಟವನ್ನು ಅಲುಗಿಸುತ್ತಲೇ ಇರಲಿಲ್ಲ.

ತೊಕುಜೊ ತಿರುಪುಳಿ ತೆಗೆದ. ಮಾಪಕದ ಡಬ್ಬಿಯ ಹಿಂಬದಿಯಲ್ಲಿ, ಹಗುರ ಹೆಜ್ಜೆಯವರಿಗೆ, ಭಾರದ ಹೆಜ್ಜೆಯವರಿಗೆ ಅಂತ ಸರಿಹೊಂದಿಸುವ ತಿರುಪು ಇತ್ತು. ಅದನ್ನು ಹಗುರ ಹೆಜ್ಜೆಯ ತುದಿಗೆ ತಿರುಗಿಸಿದ. ಈಗ ಎಡಗಾಲಿಗೂ ಟಿಕ್ ಅಂದಿತು. ಅಕ್ಕ ಖುಷಿಯಿಂದ ನಕ್ಕಳು. ಟಿಕ್ ಟಿಕ್ ಟಿಕ್. ನಗು ನಿಲ್ಲಿಸಿ ಸೊಂಟ ನೋಡಿಕೊಂಡಳು.

“ನಕ್ಕರೂ ಹೆಜ್ಜೆ ಅಂತಿದೆಯಲ್ಲ! ಹೀಗಾದ್ರೆ ನಾನು ಹಾಸಿಗೇಲಿ ಮಲಗಿ ಸೀನ್ತಾ ಒಸಾಕಾಗೆ ಹೋಗಿಬರಬಹುದು. ಮೊದಲಿದ್ದ ಹಾಗೆ ಮಾಡಿ.”

“ಆವಾಗ ಅರ್ಧಾನೇ ತೋರಿಸುತ್ತೆ.”

“ಅರ್ಧಾನೇ ತಾನೇ ನಡೀತಿರೋದು? ಎಡಗಾಲು ಎತ್ತಿದ ದಿನ ತೋರಿಸಲಿ.”

ತೊಕುಜೊ ತಿರುಪನ್ನು ಮೊದಲಿನ ಹಾಗೆ ಮಾಡಿದ. ಅಕ್ಕ ತನ್ನ ಮಾತಿನ ಮೇಲೆ ನಿಂತಳು, ಬೀದಿಗೂ ಇಳಿದಳು. ಬೆಳಿಗ್ಗೆ ಅಂಗಡಿಗಳ ಷಟರ್ ಏಳುವ ಹೊತ್ತಿಗೆ ಕೋಲೂರಿಕೊಂಡು ನಮ್ಮ ಮುಂದೆ ಹಾದುಹೋಗುವಳು. ಜನ ನೋಡುತ್ತಾರೆಂಬ ಸಂಕೋಚ ಅವಳಿಗೂ ಇತ್ತು. ಮೊದಲ ವಾರ ಕುತ್ತಿಗೆ ಕೆಂಪಾಗಿರುತ್ತಿದ್ದುದನ್ನು ಕಂಡಿದ್ದೇನೆ. ಅದನ್ನು ಬಿಡಿಸಿದ್ದು ಬೀದಿಯ ಕೊನೆಯಲ್ಲಿ ಮೀನಿನ ವಡೆ ಕರಿಯುವ ಉಮೆನೊ ಅಜ್ಜಿ.

“ಏನೇ ಶಿಜುಯೊ, ನಮ್ಮ ಬೀದಿ ಗುಡಿಸೋ ಕೆಲಸಕ್ಕೆ ಸೇರಿದ್ಯಾ? ಎಡಗಡೆ ಮಾತ್ರ ಚೊಕ್ಕಟ ಆಗ್ತಿದೆ!”

“ಬಲಗಡೆ ನಿನಗೆ ಬಿಟ್ಟಿದೀನಿ ಅಜ್ಜಿ. ನಿನ್ನ ನಾಲಿಗೆ ಹೇಗೂ ಅಷ್ಟುದ್ದ ಇದೆಯಲ್ಲ!”

ಇಡೀ ಬೀದಿ ನಕ್ಕಿತು. ಅಂದಿನಿಂದ ಕೆಂಪಾಗುವುದು ನಿಂತಿತು.

ನಡೆಯುವುದೆಂದರೆ ಅವಳಿಗೆ ಬರೀ ನಡೆಯುವುದಲ್ಲ. ಒಂದೊಂದು ಸಲವೂ ಎಡ ತೊಡೆಯನ್ನು ಎತ್ತಬೇಕು, ಮಂಡಿ ಮಡಿಸಬೇಕು, ಹಿಮ್ಮಡಿ ಊರಬೇಕು. ಕಾಲು ಎಳೆದರೆ ಸೊಂಟದ ಡಬ್ಬಿ ಸುಮ್ಮನಿರುತ್ತಿತ್ತು. ಕಿವಿ ಅಲ್ಲೇ ಇಟ್ಟುಕೊಂಡು ನಡೆಯುತ್ತಿದ್ದಳು. ಯಾರಾದರೂ ಮಾತಾಡಿಸಿದರೆ, “ಇರಿ, ಕೇಳಿಸಲ್ಲ” ಅಂತ ಕೈ ತೋರಿಸುವಳು. ಅಷ್ಟು ಮಾತುಗಾರ್ತಿ ಮಾತು ಬಿಟ್ಟು ನಡೆದಿದ್ದೇ ನನಗೆ ದೊಡ್ಡ ವಿಷಯವಾಗಿತ್ತು.

ಇದನ್ನೆಲ್ಲ ನೋಡಲಾರದವನು ತೊಕುಜೊ. ಬಿದ್ದು ಆದ ಮೊಣಕಾಲಿನ ತರಚುಗಾಯ ಒಣಗುವಷ್ಟರಲ್ಲಿ ಇನ್ನೊಂದು. ಸಂಜೆ ಮುಳ್ಳು ನೋಡಿ ಅವಳು ಸುಮ್ಮನೆ ಅನ್ನಕ್ಕೆ ಕೂರುವಳು. ಒಂದು ಬೆಳಿಗ್ಗೆ ಅವಳು ಏಳುವ ಮುಂಚೆ ಅವನು ಆ ಡಬ್ಬಿ ಸಿಕ್ಕಿಸಿಕೊಂಡು ಮೀನುಮಾರುಕಟ್ಟೆಗೆ ಹೋಗಿ ಬಂದ. ಮರುದಿನವೂ ಹೋದ. ಅಕ್ಕನ ಲೆಕ್ಕ ಏರತೊಡಗಿತು. ನಾನೂ ಅದನ್ನು ನಂಬಿ ಬಿಸಿ ಸೋಯಾ ಹಾಲು ಕುಡಿಸಿ ಭೇಷ್ ಅಂದೆ.

ಅಕ್ಕ ನಂಬಲಿಲ್ಲ. ಮೂರನೆಯ ದಿನ ಡಬ್ಬಿ ಮೂಗಿಗೆ ಹಿಡಿದಳು.

“ರೀ, ಬನ್ನಿ ಇಲ್ಲಿ. ನನ್ನ ಕಾಲು ಬಂಗಡೆ ಮೀನು ತರೋಕೆ ಹೋಗಿತ್ತಾ?”

ಗೋಡೆಯಾಚೆ ನನಗೆ ಕೇಳುತ್ತಿತ್ತು.

“ನನ್ನ ಸೊಂಟದ್ದು ನನ್ನ ಹೆಜ್ಜೆ. ಅದಕ್ಕೆ ನೀವು ಸೇರಿಸಿದ್ರೆ, ನಾನು ಎತ್ತಿದ ಒಂದು ಎಡಗಾಲು ಯಾವುದು ಅಂತ ಹೇಗೆ ಗೊತ್ತಾಗಬೇಕು? ನಿಮ್ಮ ಎಂಜಿನ್ನಿನ ಮುಳ್ಳಿಗೆ ಯಾರಾದ್ರೂ ಹೀಗೆ ಮಾಡಿದ್ರೆ ನೀವು ಸುಮ್ನಿರ್ತಿದ್ರಾ?”

ತೊಕುಜೊನ ದನಿ ಕೇಳಿಸಿತು. “ಸಂಜೆ ಅದನ್ನ ನೋಡಿದ ಮೇಲೆ ನಿನ್ನ ಮುಖ ನೋಡೋಕಾಗ್ತಿರಲಿಲ್ಲ ಕಣೇ.”

ಅಕ್ಕನ ಸಿಟ್ಟು ಅಲ್ಲಿಗೆ ಇಳಿಯಿತು. “ಮುಖ ನೋಡಬೇಡಿ. ಪಕ್ಕದಲ್ಲಿ ನಡೀರಿ. ಬೀಳೋ ಹಾಗಾದ್ರೆ ಹಿಡ್ಕೊಳ್ಳಿ, ಇಲ್ದಿದ್ರೆ ಮುಟ್ಟಬೇಡಿ.”

ಹಾಗೆ ಇಬ್ಬರಾದರು. ಅವನು ಅರ್ಧ ಹೆಜ್ಜೆ ಹಿಂದೆ, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು. ಕಿತ್ತಳೆ ತೋಟಗಳ ಇಳಿಜಾರು ಹಳದಿಯಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅಕ್ಕ ನಮ್ಮ ಅಂಗಡಿಯ ಮುಂದೆ ಗಕ್ಕನೆ ನಿಂತಳು.

“ಕೇಳಿಸ್ತಾ?”

“ಏನು?” ಅಂದ ತೊಕುಜೊ.

ಅವಳು ಉತ್ತರ ಕೊಡದೆ ಎಡಗಾಲೆತ್ತಿ ಊರಿದಳು. ಟಿಕ್. ತೋಫು ಕೊಯ್ಯುವ ಕತ್ತಿ ಹಿಡಿದುಕೊಂಡೇ ನಾನು ಹೊರಗೆ ಓಡಿದೆ. ಬಲ, ಎಡ. ಟಿಕ್, ಟಿಕ್. ಮೂರನೆಯದಕ್ಕೆ ಕಾಲು ಸೋತಿತು, ತೊಕುಜೊ ಹಿಡಿದುಕೊಂಡ. ಆ ಗಂಡಸು ಹಾಡಹಗಲೇ ಪೇಟೆಬೀದಿಯಲ್ಲಿ ಹೆಂಡತಿಯನ್ನು ಅಪ್ಪಿ ನಿಂತಿದ್ದನ್ನು ಉಮೆನೊ ಅಜ್ಜಿ ವರ್ಷಗಟ್ಟಲೆ ಆಡಿಕೊಂಡಳು.

ಹೊಸ ವರ್ಷಕ್ಕೆ ಅಕ್ಕ ಅಂಗಡಿ ಮತ್ತೆ ತೆರೆದಳು. ಕೂದಲು ಮಾತ್ರ ಕತ್ತರಿಸುವಳು. ಎಡಗೈ ಚರ್ಮ ಬಿಗಿಹಿಡಿಯುವಷ್ಟು ಗಟ್ಟಿಯಾಗುವ ತನಕ ಯಾರ ಗಡ್ಡಕ್ಕೂ ಕತ್ತಿ ಮುಟ್ಟಿಸಲಿಲ್ಲ. ಎಷ್ಟು ಜನ ಒತ್ತಾಯ ಮಾಡಿದರೂ ಇಲ್ಲವೆಂದರೆ ಇಲ್ಲ.

ಅದೇ ಚಳಿಗಾಲ ದೋಣಿ ನಡೆಸುವ ರಿಕಿಚಿಗೂ ಲಕ್ವ ಹೊಡೆಯಿತು. ಬಂದರಿನಲ್ಲೇ ಜಬರ್ದಸ್ತಿನ ಆಳು. ಆಸ್ಪತ್ರೆಯಿಂದ ಬಂದವನು ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಕೂತ, ಬಂದವರನ್ನೆಲ್ಲ ಬೈದು ಕಳಿಸಿದ. ಅಕ್ಕ ಕತ್ತರಿ, ಬಾಚಣಿಗೆ ಕಟ್ಟಿಕೊಂಡು ಏರುದಾರಿಯಲ್ಲಿ ಅವನ ಮನೆಗೆ ಹೋದಳು. ಚೀಲ ಹಿಡಿಯಲು ನಾನೂ ಹೋದೆ. ಮುಂಬಾಗಿಲಿಗೆ ಚಿಲಕ ಹಾಕಿತ್ತು, ಹಿತ್ತಿಲಿನಿಂದ ಒಳಹೊಕ್ಕೆವು.

“ಯಾರು ಕರೆದ್ರು ನಿನ್ನ?” ಅಂತ ಅವನು ಕೂತಲ್ಲಿಂದಲೇ ಗುಡುಗಿದ.

“ನಿಮ್ಮ ಕೂದಲು ಕರೀತು. ಕಾಗೆ ನೋಡಿದ್ರೆ ಗೂಡು ಕಟ್ಟುತ್ತೆ.”

ಬೈಯುತ್ತಲೇ ಕೂತ. ಅಕ್ಕ ಕತ್ತರಿಸುತ್ತ ಇದ್ದಳು. ಮುಗಿದ ಮೇಲೆ ಕುತ್ತಿಗೆಯ ಬಟ್ಟೆ ಕೊಡವಿ, ತನ್ನ ಸೊಂಟದ ಡಬ್ಬಿ ಬಿಚ್ಚಿ ಅವನ ಬೆಲ್ಟಿಗೆ ನೆಟ್ಟಗೆ ಸಿಕ್ಕಿಸಿದಳು.

“ಇದು ಸುಳ್ಳು ಹೇಳಲ್ಲ, ಬೈಗುಳಕ್ಕೂ ಹೆದರಲ್ಲ. ಏಳಿ, ಬಾಗಿಲ ತನಕ.”

“ಜನ ನೋಡ್ತಾರೆ.”

“ನಾನು ಬಿದ್ದಿದ್ದನ್ನ ಊರೆಲ್ಲ ನೋಡಿದೆ. ಏನಾಯ್ತು? ವಡೆ ಜಾಸ್ತಿ ಮಾರಾಟ ಆಯ್ತು.”

ರಿಕಿಚಿ ನಕ್ಕ. ನಕ್ಕದ್ದಕ್ಕೆ ತನಗೇ ಸಿಟ್ಟು ಬಂದವನ ಹಾಗೆ ಗೋಡೆ ಹಿಡಿದು ಎದ್ದ. ಬಾಗಿಲ ತನಕ ಹೋದ, ತಾನೇ ಚಿಲಕ ತೆಗೆದ. ಹೊರಗಿನ ಬಿಸಿಲಿಗೆ ಕಣ್ಣು ಕಿರಿದುಮಾಡಿ ನಿಂತವನ ತೋಳಿನ ಕೆಳಗೆ ಅಕ್ಕ ತನ್ನ ಭುಜ ಕೊಟ್ಟಳು.

ಬೇಸಿಗೆಯ ಹೊತ್ತಿಗೆ ಅವನು ಮಗನ ದೋಣಿಯಲ್ಲಿ ಹೋಗಿ ಕೂರುವಷ್ಟಾದ. ಹಗ್ಗ ಎಳೆಯಲಾಗುತ್ತಿರಲಿಲ್ಲ, ಬೈಯಲು ಅಡ್ಡಿಯಿರಲಿಲ್ಲ. ಕ್ರಮೇಣ ಕಾಲು ಸೋತವರು ಒಬ್ಬೊಬ್ಬರಾಗಿ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಸೇರತೊಡಗಿದರು. ಅಕ್ಕ ಪ್ರತಿಯೊಬ್ಬರ ಬೆಲ್ಟು ಎಳೆದು ನೋಡುವಳು, ಡಬ್ಬಿ ವಾಲಿದ್ದರೆ ನೇರ ಮಾಡುವಳು, ಹೊಸಬರಿಗೆ ತಾನೇ ಇಪ್ಪತ್ತು ಹೆಜ್ಜೆ ಹಾಕಿಸುವಳು. ತಾನು ಗುಣವಾದ ಕಥೆಯನ್ನು ಮಾತ್ರ ಅವಳು ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದವರಿಗೆ, “ಅದು ನನ್ನ ಕಾಲಿನ ವಿಷಯ, ನಿಮ್ಮದನ್ನ ಎತ್ತಿ” ಅನ್ನುತ್ತಿದ್ದಳು.

ಎಂಬತ್ತರ ಹತ್ತಿರದವರೆಗೂ ಬದುಕಿದಳು. ಅವಳಿಗೆ ಎಪ್ಪತ್ತು ತುಂಬಿದ ವಸಂತದಲ್ಲಿ ಚೆರ್ರಿ ಹೂ ನೋಡಲು ನಾವಿಬ್ಬರೂ ಊರಿನ ಕೋಟೆಗುಡ್ಡದ ಕಲ್ಲುಮೆಟ್ಟಿಲು ಹತ್ತಿದೆವು. ನಾನು ಏದುಸಿರು ಬಿಡುತ್ತ ನಡುದಾರಿಯಲ್ಲೇ ಕೂತುಬಿಟ್ಟೆ. ಅಕ್ಕ ತುದಿಯಲ್ಲಿ ನಿಂತು ಕೆಳಗೆ ನೋಡಿ ಕೂಗಿದಳು:

“ಊಟದ ಡಬ್ಬಿ ನಿನ್ನ ಹತ್ರ ಇದೆ ಕಣೇ! ಬೇಗ ಹತ್ತು, ಹೊಟ್ಟೆ ಹಸೀತಿದೆ!”