ಕಾಳೇಗೌಡರ ತೊಡೆಯ ಉರಿ

ಕಾಳೇಗೌಡರಿಗೆ ನಾನು ಸುಳ್ಳು ಹೇಳಿದೆ. ಒಮ್ಮೆ ಆಪರೇಷನ್‌ಗೆ ಮುಂಚೆ. ಇನ್ನೊಮ್ಮೆ — ಅದು ಇನ್ನೂ ಹೀನವಾದದ್ದು — ಆಮೇಲೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಹಾಸನದಲ್ಲಿ ಸರ್ಜನ್ ಆಗಿದ್ದೆ. ತೊಡೆಸಂದಿನ ಹರ್ನಿಯಾಗೆ ಸಣ್ಣ ತೂತುಗಳ ಮೂಲಕ ಆಸರೆಗೆ ಪ್ಲಾಸ್ಟಿಕ್ ಜಾಲರಿ ಹಾಕಲು ಎರಡು ದಾರಿಗಳಿದ್ದವು. ಹೊಟ್ಟೆಯೊಳಗಿನಿಂದ ಹೋಗುವುದು ನನಗೆ ರೂಢಿಯಾಗಿತ್ತು. ಹೊಟ್ಟೆಯ ಒಳಪೊರೆ ತೆರೆಯದೆ, ಸ್ನಾಯುವಿನ ಹಿಂದಿನ ಇಕ್ಕಟ್ಟಿನಲ್ಲೇ ಕೆಲಸ ಮುಗಿಸುವುದನ್ನು ನೋಡಿದ್ದೆನೇ ಹೊರತು ಮಾಡಿರಲಿಲ್ಲ. ಆದರೂ ಅದೇ ಮೇಲೆಂದು ಸರ್ಜನ್ ಗೆಳೆಯರೊಡನೆ ವಾದಿಸುತ್ತಿದ್ದೆ. ವಾದಿಸಿದ್ದನ್ನು ಮಾಡಿ ತೋರಿಸಬೇಕಿತ್ತು...

ದಂಡಿಗನಹಳ್ಳಿ ಕಡೆಯ ರೈತ ಕಾಳೇಗೌಡರು ಹೆಂಡತಿ ನಿಂಗಮ್ಮನವರೊಂದಿಗೆ ಬಂದರು. ಅವರ ಹರ್ನಿಯಾಗೆ ಈ ಹೊಸ ದಾರಿಯಲ್ಲೇ ಮಾಡುತ್ತೇನೆಂದಾಗ ಗೌಡರು ಕೇಳಿದರು:

“ಇಂಗೆ ಬಾಳ ಜನಕ್ಕೆ ಮಾಡಿದೀರಾ ಸಾ?”

“ಬೇಕಾದಷ್ಟು ಜನಕ್ಕೆ,” ಎಂದೆ.

ಆಪರೇಷನ್ ನಡುವೆ ಪೊರೆ ಹರಿಯಿತು. ಮೊದಲೇ ಇಕ್ಕಟ್ಟಾಗಿದ್ದ ಜಾಗ ಮುಚ್ಚಿಕೊಂಡಿತು, ರಕ್ತದಲ್ಲಿ ಏನೂ ಕಾಣದಾಯಿತು. ರೂಢಿಯ ದಾರಿಗೆ ಮರಳಬಹುದಿತ್ತು. ಆದರೆ ಗೆಳೆಯರು ಪಕ್ಕದಲ್ಲಿ ನಿಂತು ಕ್ಯಾಮೆರಾದ ಪರದೆ ನೋಡುತ್ತಿದ್ದರು — ಮರಳಲಿಲ್ಲ. ಜಾಲರಿ ನಿಲ್ಲಲೆಂದು ಪಿನ್ನು ಹೊಡೆದೆ. ಹೊಡೆಯಬಾರದ ಕಡೆ, ನರ ಹಾಯುವ ಕಡೆ.

ಕೆಲವು ವಾರಗಳ ಮೇಲೆ ಅವರು ಕುಂಟುತ್ತಾ ಬಂದರು. “ತೊಡೇಲಿ ಬೆಂಕಿ ಇಟ್ಟಂಗೆ ಉರೀತದೆ ಸಾ. ಆರು ಕಟ್ಟಿ ಹೊಲ ಉಳಕಾಗಲ್ಲ, ಬಗ್ಗಕಾಗಲ್ಲ.”

ಕೇಳಿದೊಡನೆ ನನಗೆ ಗೊತ್ತಾಯಿತು. ಪಿನ್ನು ತೆಗೆದು ನೋಡಬೇಕಿತ್ತು. ತೆಗೆದರೆ ಯಾಕೆಂದು ಹೇಳಬೇಕಾಗುತ್ತಿತ್ತು. ನಿಂಗಮ್ಮನವರ ಎದುರಿಗೇ ಹೇಳಿದೆ: “ಆಪರೇಷನ್ ಚೆನ್ನಾಗಿ ಆಗಿದೆ. ಈ ನೋವೆಲ್ಲ ನಿಮ್ಮ ಮನಸ್ಸಿನಲ್ಲಿದೆ.”

ಅವರು ಮತ್ತೆ ಬರಲಿಲ್ಲ. ಬರದಿದ್ದುದು ನನಗೆ ಹಿತವೇ ಆಗಿತ್ತು — ಇದನ್ನೂ ಹೇಳಿಬಿಡಬೇಕು.

ವರ್ಷಗಳು ಕಳೆದ ಮೇಲೆ, ತಡೆಯಲಾರದೆ, ಅವರ ಮನೆ ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಒಂದು ಕಾಲು ಚಾಚಿ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಆ ನರ ಈಗ ಸರಿಹೋದೀತು ಎನ್ನುವ ಧೈರ್ಯವೂ ನನಗಿರಲಿಲ್ಲ. ಬೈಯುತ್ತಾರೆಂದು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ; ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದರು.

“ಕೇಳುಸ್ಕಂಡ್ಯಾ? ಮೈಗಳ್ಳ ಮೈಗಳ್ಳ ಅಂತಿದ್ಯಲ್ಲ... ಈಗ್ಲಾದ್ರೂ ನಂಬ್ತೀಯಾ?”

ನಿಂಗಮ್ಮನವರು ಹೊಸ್ತಿಲ ಬಳಿಯೇ ಕೂತರು. “ಡಾಕ್ಟ್ರೇ ಅಂಗಂದ್ರಲ್ಲ ಅಂತ ನಾನು...” ಸೆರಗನ್ನು ಬಾಯಿಗೊತ್ತಿಕೊಂಡರು.

ಕ್ಷಮೆ ಕೇಳಲು ಬಾಯಿ ತೆರೆದೆ. ಇಬ್ಬರಲ್ಲಿ ಮೊದಲು ಯಾರನ್ನು ಕೇಳಬೇಕೆಂದು ತಿಳಿಯದೆ ಹಾಗೇ ನಿಂತೆ.