ಬೋಧಗಯೆಯಲ್ಲಿ ಹಿಂದಕ್ಕೆ ಓಡಿದ ಮರೆಮ್ಮ

ಕಲ್ಹೇರಿನ ಮರೆಮ್ಮನನ್ನು ನಾನು ಬಲು ದೊಡ್ಡ ಓಟಗಾರ್ತಿ ಎಂದುಕೊಂಡಿದ್ದೆ. ಬೆಳಿಗ್ಗೆ ನಾರಾಯಣಖೇಡದ ರಸ್ತೆಯಲ್ಲಿ ನಾನು ಏದುಸಿರು ಬಿಡುತ್ತ ಹೊಟ್ಟೆ ಕರಗಿಸುವಾಗ, ಸೀರೆ ಎತ್ತಿ ಕಟ್ಟಿದ ಆಕೆ ಸರ್ರನೆ ದಾಟಿ ಹೋಗುತ್ತಿದ್ದಳು. ನಮ್ಮ ಓಟದ ಸಂಘದ ಸಭೆಯಲ್ಲಿ ಎದ್ದು ನಿಂತು, ಪ್ರತಿಭೆಯೊಂದನ್ನು ಪತ್ತೆ ಮಾಡಿದ್ದೇನೆ ಎಂದು ಘೋಷಿಸಿದೆ. ಆಕೆ ಓಡುತ್ತಿದ್ದದ್ದು ತಪ್ಪಿಸಿಕೊಂಡ ಟಗರಿನ ಹಿಂದೆ ಎಂದು ತಿಳಿಯುವ ಹೊತ್ತಿಗೆ ಬೋಧಗಯೆಯ ಮ್ಯಾರಥಾನ್‌ಗೆ ಆಕೆಯ ಹೆಸರು ಬರೆಸಿ, ರೈಲಿನ ಟಿಕೆಟ್ಟನ್ನೂ ತೆಗೆಸಿಯಾಗಿತ್ತು.

ಸಂಘದ ಅಧ್ಯಕ್ಷ, ಬೀಜದ ವ್ಯಾಪಾರಿ ಕಾಶಿನಾಥ, ಆಕೆಯ ಅಂಗಳದಲ್ಲಿ ಕೂತು ಬುದ್ಧನ ಕುರಿತು ಅರ್ಧ ಗಂಟೆ ಮಾತಾಡಿದ.

"ಅದೆಲ್ಲ ಇರ್ಲಿರಿ ಸಾವಕಾರ್ರ," ಎಂದಳು ಮರೆಮ್ಮ. "ಗೆದ್ರ ಏನ್ ಕೊಡ್ತಾರ?"

"ಹೆಂಗಸರಾಗ ಮೊದಲ ಬಂದಾಕಿಗಿ ಸ್ಕೂಟಿ."

ಆಕೆಯ ಮಗಳು ಲಾವಣ್ಯ ನಾರಾಯಣಖೇಡದ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸು ತಪ್ಪಿದ ದಿನ ಪಾಠವೂ ತಪ್ಪುತ್ತಿತ್ತು. ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿಬಿಟ್ಟಿದ್ದರು.

"ಹಂಗಾರ ಬರ್ತೀನ್ರಿ. ಅಲ್ಲಿತನಕ ಕುರಿ ಯಾರ್ ಕಾಯ್ತಾರ, ನೀವೇನ್ರಿ?"

ಕಾಶಿನಾಥ ನನ್ನ ಮುಖ ನೋಡಿದ. ನಾನು ಬೇವಿನ ಗಿಡ ನೋಡಿದೆ. ಕೊನೆಗೆ ಗಂಡ ಸಿದ್ದರಾಮ ಒಪ್ಪಿಕೊಂಡ.

ರೈಲಿನಲ್ಲಿ ದಾರಿಯುದ್ದಕ್ಕೂ ಉಸಿರು ಎಳೆಯುವ ರೀತಿ, ಬಾಳೆಹಣ್ಣು ತಿನ್ನುವ ವೇಳೆ, ಗೆದ್ದಾಗ ಕೈ ಎತ್ತುವ ಭಂಗಿ ಎಲ್ಲ ಕಲಿಸಿದೆವು. ಆಕೆ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ತಿಂದವರೂ ನಾವೇ.

ಓಟದ ದಿನ ನಾವಿಬ್ಬರು ಲಾಡ್ಜಿನ ಮಾಳಿಗೆ ಹತ್ತಿ ಮೊಬೈಲ್ ಹಿಡಿದು ನಿಂತೆವು. ಗುಡಿಯ ಶಿಖರದ ಕಡೆಗೆ ಕಾವಿಯವರು, ಬಿಳಿ ಬಟ್ಟೆಯವರು, ಯಾವ ಯಾವ ದೇಶದ ಯಾತ್ರಿಕರೋ ರಸ್ತೆ ತುಂಬ ಸಾಲುಗಟ್ಟಿ ಹೋಗುತ್ತಿದ್ದರು. ಅವರ ನಡುವಿನಿಂದ ಮರೆಮ್ಮ ಒಬ್ಬಳೇ ನುಗ್ಗಿ ಬಂದಳು. ಉಳಿದ ಹೆಂಗಸರು ಇನ್ನೂ ದೂರದಲ್ಲಿದ್ದರು.

"ಸ್ಕೂಟಿ ಬಂತು ತಗೋ," ಎಂದ ಕಾಶಿನಾಥ.

ಮೂರು ದಾರಿ ಕೂಡುವಲ್ಲಿ ಆಕೆ ನಿಂತಳು. ಅತ್ತ ನೋಡಿದಳು, ಇತ್ತ ನೋಡಿದಳು, ಸಟ್ಟನೆ ಬಂದ ದಾರಿಯಲ್ಲೇ ವಾಪಸು ಓಡಿದಳು. ಹಿಂದೆ ಬರುತ್ತಿದ್ದ ಹೆಂಗಸರ ಗುಂಪನ್ನು ಸುತ್ತಿ ಬಳಸಿ ಅವರ ಬೆನ್ನ ಹಿಂದೆ ಸೇರಿಕೊಂಡು, ಎರಡೂ ಕೈ ಬೀಸಿ ಅವರನ್ನು ಮುಂದಕ್ಕೆ ಅಟ್ಟತೊಡಗಿದಳು. ಗುಂಪು ಬಲಕ್ಕೆ ಹೊರಳಿತು. ಆಕೆಯೂ ಹಿಂದೆಯೇ ಹೊರಳಿದಳು.

"ಏನ್ ಮಾಡಾಕತ್ಯಾಳೋ ಈಕಿ?" ಎಂದ ಕಾಶಿನಾಥ.

ಕುರಿಗಾರರು ಹಿಂಡಿನ ಹಿಂದೆ ನಡೆಯುವವರು. ಮುಂದೆ ದಾರಿ ಬಲ್ಲ ಆಡೊಂದು ಇರುತ್ತದೆ. ನಮ್ಮ ಕಡೆ ಇದು ಗೊತ್ತಿಲ್ಲದವರಿಲ್ಲ. ಆದರೆ ನಾಲ್ಕಕ್ಷರ ಓದಿಕೊಂಡ ನನಗೆ ಅಷ್ಟು ಸಣ್ಣ ಕಾರಣ ಒಗ್ಗಲಿಲ್ಲ. ದಣಿದವರನ್ನು ಬಿಟ್ಟು ಹೋಗಲಾರದೆ ಹಿಂದೆ ಬಂದಿದ್ದಾಳೆ, ಇದು ಈ ನೆಲದ ಮಹಿಮೆ ಎಂದೆ. ಕಾಶಿನಾಥ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಮರೆಮ್ಮ ಏಳನೆಯವಳಾಗಿ ಗುರಿ ಮುಟ್ಟಿದಳು. ಸ್ಕೂಟಿಯನ್ನು ಬೇರೆ ಯಾರೋ ತಳ್ಳಿಕೊಂಡು ಹೋದರು. ಅದು ಮರೆಯಾಗುವವರೆಗೆ ಆಕೆ ನೋಡುತ್ತಲೇ ಇದ್ದಳು. ನಾನು ಪಕ್ಕದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು ಕೇಳಿದೆ:

"ಮರೆಮ್ಮ, ಹಿಂದಕ್ಕ ತಿರುಗುವಾಗ ನಿನ್ನ ಮನಸಿನ್ಯಾಗ ಬುದ್ಧನ ಕರುಣಾ ಮೂಡಿತ್ತೇನು?"

"ಎಂಥಾ ಕರುಣಾರಿ? ದಾರಿ ಗೊತ್ತಿದ್ದಿಲ್ಲ. ಮುಂದ ಓಡು, ಮುಂದ ಓಡು ಅಂದ್ರಿ. ಯಾ ಕಡಿ ಅಂತ ಒಬ್ಬರರ ಹೇಳೀರೇನ್ರಿ?"