ತೀರ್ಪು ಮುಗಿದ ಮೇಲೆ ಬಂದ ಸೊಪ್ಪು

ಮಂಕರಿ ತುಂಬ ಹಿಪ್ಪುನೇರಳೆ ಸೊಪ್ಪು ಹೊತ್ತು ಪಕ್ಕದ ತೋಟದ ರಾಹೇಲಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದರು. ಅರವತ್ತರ ದಶಕದ ಮೇಲೂರಿನ ಮಾತು. ನಾನು ಕಟ್ಟದೆ ಬಿಟ್ಟ ಹಸು ಅವರ ತೋಟ ಮೇಯ್ದಿತ್ತು. ಪಂಚಾಯಿತಿಯಲ್ಲಿ ಅದು ನಮ್ಮ ಹಸುವೇ ಅಲ್ಲವೆಂದು ವಾದಿಸಿದ್ದೆ. ಹಿರಿಯರು ನಂಬಲಿಲ್ಲ; ನಷ್ಟಕ್ಕೆ ನಮ್ಮ ತೋಟದ ಸೊಪ್ಪು ಕೊಡಬೇಕೆಂಬ ತೀರ್ಪಿನಂತೆ ಅವರು ಅಂದು ಬೆಳಿಗ್ಗೆ ನಮ್ಮ ಸೊಪ್ಪನ್ನೆಲ್ಲ ಕೊಯ್ದುಕೊಂಡಿದ್ದರು. ಗೂಡು ಕಟ್ಟಲು ಮೂರೇ ದಿನವಿದ್ದ ನಮ್ಮ ರೇಷ್ಮೆ ಹುಳುಗಳು ಖಾಲಿ ತಟ್ಟೆಯಲ್ಲಿ ಹರಿದಾಡುತ್ತಿದ್ದವು.

“ತೀರ್ಪಲ್ಲಿ ಬಂದಿದ್ದನ್ನ ತಗೊಂಡೆ ಕಣಮ್ಮ. ಇದು ನನ್ನ ತೋಟದಲ್ಲಿ ಉಳಿದಿದ್ದು, ಹುಳಕ್ಕೆ ಹಾಕು,” ಎಂದರು.

“ನಾನು ಸುಳ್ಳು ಹೇಳಿದ್ದೆ,” ಎಂದೆ.

“ಗೊತ್ತು. ನನ್ನ ತಪ್ಪೆಲ್ಲ ಗೊತ್ತಿದ್ದೂ ಯೇಸುಸ್ವಾಮಿ ನನ್ನ ಕೈ ಬಿಟ್ರಾ?”

ಪಂಚಾಯಿತಿಯ ಹಿರಿಯರ ಮುಂದೆ ತಲೆಯೆತ್ತಿಯೇ ನಿಂತಿದ್ದವಳು ನಾನು. ಆ ಮಂಕರಿ ಇಳಿಸಿಕೊಳ್ಳುವಾಗ ಮಾತ್ರ ರಾಹೇಲಮ್ಮನವರ ಮುಖ ನೋಡಲಾಗಲಿಲ್ಲ.